ಮಲ್ಪೆಗೆ ಕಟ್ಟಿದ ಬ್ಯಾಗು

ದಸರಾ ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ, ಬರೆದುಕೊಡಿ ಎಂದು ಕನ್ನಡ ಮೇಡಂ ಹೇಳಿದಾಗ ಮಲ್ಪೆಯ ಸಮುದ್ರದ ಬಗ್ಗೆ ಬರೆಯೋಣ ಅಂದುಕೊಂಡೆ. ಬರೆಯಲು ಕೂತರೆ ಸಮುದ್ರಕ್ಕಿಂತ ಬ್ಯಾಗೇ ಹೆಚ್ಚು ನೆನಪಿಗೆ ಬರುತ್ತಿದೆ. ಆದ್ದರಿಂದ ಬ್ಯಾಗಿನ ಬಗ್ಗೆಯೇ ಬರೆಯುತ್ತೇನೆ.

ನಮ್ಮೂರಿನವರಿಗೆ ನೀರು ನೋಡಲು ಹೋಗುವುದೇ ಒಂದು ಪ್ರವಾಸ. ಚಳ್ಳಕೆರೆಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 500 ಮಿ.ಮೀ. ಮಳೆಯೂ ಆಗುವುದಿಲ್ಲ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಮ್ಮ ಬೀದಿಯ ಅರ್ಧ ಜನ ಹಿರಿಯೂರಿಗೆ ಹೋಗಿ ನೋಡಿ ಬಂದರು. 1933ರ ನಂತರ ಅದೇ ಮೊದಲಂತೆ. ನಾನು ಅಲ್ಲಿಯವರೆಗೆ ನೋಡಿದ್ದ ಅತಿ ದೊಡ್ಡ ನೀರು ಅದೇ. ಸಮುದ್ರವನ್ನು ನಮ್ಮ ಮನೆಯಲ್ಲಿ ಅಬ್ಬಾ ಒಬ್ಬರೇ ನೋಡಿದ್ದರು, ಅದೂ ಎಣ್ಣೆ ಮಿಲ್ಲಿನ ಲಾರಿಯಲ್ಲಿ ಮಂಗಳೂರಿಗೆ ಹೋದಾಗ, ದೂರದಿಂದ.

ಹೊರಡಲು ಕಾರಣ ಮುನ್ನಾ. ಮೊಳಕಾಲ್ಮೂರಿಗೆ ಕೊಟ್ಟಿರುವ ನನ್ನ ಆಪಾನ ಮಗ, ಮೂರು ವರ್ಷ. ಮೊಬೈಲಿನಲ್ಲಿ ಅಲೆ ನೋಡಿದಾಗಿನಿಂದ ‘ಸಮಂದರ್, ಸಮಂದರ್’ ಎಂದು ಒಂದೇ ಹಟ. ಅವನ ತಂಗಿ ಗುಡಿಯಾಗೆ ಒಂದೂವರೆ ವರ್ಷ, ಅವಳಿಗೆ ಎಲ್ಲ ನೀರೂ ಒಂದೇ, ಬಚ್ಚಲಾದರೂ ಸರಿ. ದೂಲಾಭಾಯಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕೆಲಸ. ಮೊಳಕಾಲ್ಮೂರು ಸೀರೆಯ ಕೆಂಪು, ಹಸಿರು ಎಲ್ಲ ಅವರ ಉಗುರಿನಲ್ಲಿ ಯಾವಾಗಲೂ ಇರುತ್ತದೆ. ಹಬ್ಬಕ್ಕೆ ಎರಡು ದಿನ ಕೆಲಸ ಇಲ್ಲ ಎಂದರು. ಅಬ್ಬಾನ ಮಿಲ್ಲಿಗೂ ರಜೆ. ಅಲ್ಲಿಗೆ ತೀರ್ಮಾನ ಆಯಿತು. ಒಂದು ಕ್ರೂಸರ್ ಗಾಡಿ, ಕಿ.ಮೀ.ಗೆ 16 ರೂಪಾಯಿ, ಹೋಗಿ ಬರಲು ಸುಮಾರು 600 ಕಿ.ಮೀ., ಅಂದರೆ 9,600, ಡ್ರೈವರ್ ಬಾಟಾ ಬೇರೆ. ಅರ್ಧ ಅಬ್ಬಾ, ಅರ್ಧ ದೂಲಾಭಾಯಿ. ಈ ಲೆಕ್ಕ ಬರೆದವಳು ನಾನು. ಕಾಮರ್ಸ್ ಓದುವ ಹುಡುಗಿ ಮನೆಯಲ್ಲಿದ್ದರೆ ಪೆನ್ನು ಅವಳ ಕೈಗೇ ಬರುತ್ತದೆ. ಸಾಮಾನಿನ ಪಟ್ಟಿಯೂ ನನ್ನ ಪಾಲಿಗೇ ಬಂತು.

ರಾತ್ರಿ ಹತ್ತಕ್ಕೆ ಹೊರಟು, ಬೆಳಿಗ್ಗೆ ತಲುಪಿ, ಸಂಜೆ ವಾಪಸ್ಸು. ಒಂದು ದಿನದ ಮಾತು, ದೊಡ್ಡವರಾದರೆ ಒಂದು ಟವೆಲ್ ಹಿಡಿದು ಹೊರಡಬಹುದು. ಚಿಕ್ಕ ಮಕ್ಕಳಿದ್ದರೆ ಹಾಗಲ್ಲ. ಆಪಾ ಎರಡು ದಿನ ಮುಂಚೆಯೇ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ನಮ್ಮ ಮನೆಗೆ ಬಂದಿದ್ದಳು. ಅವಳು ಹೇಳುವುದು, ನಾನು ಬರೆಯುವುದು. ಮುನ್ನಾಗೆ ಐದು ಜೊತೆ ಬಟ್ಟೆ, ಗುಡಿಯಾಗೆ ಆರು. ತೋಳುದ್ದದ ಹತ್ತಿ ಅಂಗಿ, ಬಿಸಿಲಿಗೆ. ಕಿವಿ ಮುಚ್ಚುವ ಟೋಪಿ ಬೇರೆ, ಬಿಸಿಲಿನ ಟೋಪಿ ಬೇರೆ. ಡೈಪರ್ ಹನ್ನೆರಡು. ಹಾಲಿನ ಪುಡಿ, ಎರಡು ಬಾಟಲಿ, ಬಾಟಲಿ ತೊಳೆಯುವ ಬ್ರಷ್. ರಾಗಿ ಸರಿ ಹಿಟ್ಟು. ಕುದಿಸಿ ಆರಿಸಿದ ನೀರು ಐದು ಲೀಟರ್, ಮಿಲ್ಲಿನಿಂದ ತಂದ ಹೊಸ ಎಣ್ಣೆ ಕ್ಯಾನಿನಲ್ಲಿ. ಘಾಟಿಯಲ್ಲಿ ವಾಂತಿ ಆಗದಿರಲಿ ಎಂದು ಒಣ ಮಂಡಕ್ಕಿ. ವಾಂತಿ ಆದರೆ ಎಂದು ಪ್ಲಾಸ್ಟಿಕ್ ಕವರು, ಹಳೆ ಪಂಚೆ ಹರಿದ ಬಟ್ಟೆ. ಎರಡು ವರ್ಷದೊಳಗಿನ ಮಗುವಿಗೆ ವಾಂತಿ ನಿಲ್ಲುವ ಮಾತ್ರೆ ನೀವೇ ಕೊಡಬೇಡಿ ಎಂದು ಡಾಕ್ಟರ್ ಹೇಳಿದ್ದರಿಂದ ಅದು ಪಟ್ಟಿಯಲ್ಲಿ ಇರಲಿಲ್ಲ. ಓಆರ್‌ಎಸ್ ನಾಲ್ಕು ಪೊಟ್ಟಣ. ಇದರಲ್ಲಿ ಒಂದು ಮಾತು: ಪೊಟ್ಟಣದ ಮೇಲೆ 1 ಲೀಟರಿಗೆ ಎಂದಿದ್ದರೆ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ನಮ್ಮ ಓಣಿಯಲ್ಲಿ ಲೋಟಕ್ಕೆ ಅರ್ಧ ಪೊಟ್ಟಣ ಹಾಕಿ ಕುಡಿಸುವವರಿದ್ದಾರೆ, ಅದರಿಂದ ಮಗುವಿಗೆ ಉಪ್ಪು ಹೆಚ್ಚಾಗುತ್ತದೆ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಬೇಕು.

ಆಮೇಲೆ ಥರ್ಮಾಮೀಟರ್. ಜ್ವರದ ಸಿರಪ್, ತೂಕಕ್ಕೆ ತಕ್ಕಂತೆ ಎಷ್ಟು ಎಂದು ಚೀಟಿ ಅಂಟಿಸಿದ್ದು. ಹಣೆಗೆ ಹಾಕುವ ಬಟ್ಟೆ. ‘ಇಷ್ಟೆಲ್ಲಾ ಯಾಕೆ ಆಪಾ, ನಾವು ಆಸ್ಪತ್ರೆಗೆ ಹೋಗ್ತಿದೀವಾ ಸಮುದ್ರಕ್ಕಾ?’ ಎಂದೆ. ಅವಳು ನಗಲಿಲ್ಲ. ಆಗ ನನಗೆ ನೆನಪಾಯಿತು. ಮುನ್ನಾಗೆ ಒಂದೂಕಾಲು ವರ್ಷ ಇದ್ದಾಗ ರಾತ್ರಿ ಜ್ವರ ಏರಿ ಫಿಟ್ಸ್ ಬಂದಿತ್ತು. ಯಾರದೋ ಕಾರಿನಲ್ಲಿ ಬಳ್ಳಾರಿಗೆ ಹೋದರು. ದಾರಿಯುದ್ದಕ್ಕೂ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಆಪಾ ಅದರ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದಳಂತೆ. ಆರು ತಿಂಗಳಿಂದ ಐದು ವರ್ಷದವರೆಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಹೀಗೆ ಬರುತ್ತದೆ, ಬಹಳ ಸಲ ತಾನಾಗಿಯೇ ನಿಲ್ಲುತ್ತದೆ, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಎಂದು ಡಾಕ್ಟರ್ ತಿಳಿಸಿ ಹೇಳಿದರು. ಅಷ್ಟು ಹೊತ್ತಿಗೆ ನೆರೆಯವರು ಮಗುವಿನ ಕೈಗೆ ಬೀಗದ ಕೈ ಹಿಡಿಸಿ, ಬಾಯಿಗೆ ಚಮಚ ಇಡಲು ನೋಡಿದ್ದರು. ಅಂದಿನಿಂದ ಆಪಾ ಮೊಳಕಾಲ್ಮೂರಿಂದ ಚಳ್ಳಕೆರೆಗೆ ಬರುವಾಗಲೂ ಥರ್ಮಾಮೀಟರ್ ಬಿಟ್ಟು ಬಂದವಳಲ್ಲ. ನಾನು ತೆಪ್ಪಗೆ ಬರೆದುಕೊಂಡೆ.

ದಾದಿಯದು ಬೇರೆ ಹಟ. ಚಳ್ಳಕೆರೆ ಕಂಬಳಿ ಬೇಕೇ ಬೇಕು. ‘ಬಚ್ಚ್ಯಾಂಕು ಥಂಡಿ ಹೋತೀ’ ಎಂದು ಒಂದೇ ಮಾತು. ಸಮುದ್ರಕ್ಕೆ ಕಂಬಳಿ ಒಯ್ಯುವವರನ್ನು ಯಾರಾದರೂ ನೋಡಿದ್ದೀರಾ? ಅದರ ತೂಕವೇ ಮುನ್ನಾನಷ್ಟಿದೆ. ನಾನು ಬೇಡ ಎಂದೆ, ಬೆಡ್‌ಶೀಟ್ ಸಾಕು ಎಂದೆ. ದಾದಿ ಕಂಬಳಿಯ ಮೇಲೆಯೇ ಹೋಗಿ ಕೂತುಬಿಟ್ಟರು. ನಲವತ್ತಾರನೇ ಸಾಮಾನು ಕಂಬಳಿ ಎಂದು ಬರೆದೆ.

ಪಟ್ಟಿ ಕನ್ನಡದಲ್ಲಿತ್ತು. ಮನೆಯಲ್ಲಿ ನಾವು ಮಾತಾಡುವುದು ಉರ್ದು, ನಾನು ಬೇಗ ಬರೆಯುವುದು ಕನ್ನಡ. ಅಮ್ಮಿಗೂ ದಾದಿಗೂ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ರಾತ್ರಿ ಊಟ ಆದ ಮೇಲೆ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಯಾರ ಬ್ಯಾಗು ಯಾವುದು, ಅದರಲ್ಲಿ ಏನೇನು. ಅಬ್ಬಾ, ದೂಲಾಭಾಯಿ ಒಂದು ಬ್ಯಾಗು: ಒಂದೊಂದು ಲುಂಗಿ, ಒಂದೊಂದು ಅಂಗಿ. ಅಮ್ಮಿ, ದಾದಿ, ಆಪಾನ ಅತ್ತೆ ಒಂದು ಬ್ಯಾಗು: ಒಂದೊಂದು ಜೊತೆ. ನಾನು, ನನ್ನ ತಮ್ಮ ಒಂದು. ಆಪಾ, ಮುನ್ನಾ, ಗುಡಿಯಾ ಒಂದು. ಎಲ್ಲರೂ ಸರಿ ಎಂದರು. ಆಪಾನೂ ಸರಿ ಎಂದಳು. ತಮ್ಮ ಒಂದೊಂದೇ ಸಾಮಾನು ತೋರಿಸಿದ, ನಾನು ಟಿಕ್ ಹಾಕಿದೆ. ನಲವತ್ತಾರಕ್ಕೆ ನಲವತ್ತಾರೂ ತಾಳೆಯಾಯಿತು.

ಇಲ್ಲಿ ನನ್ನ ಬಗ್ಗೆ ಒಂದು ನಿಜ ಹೇಳಬೇಕು. ನನ್ನ ಬ್ಯಾಗಿನಲ್ಲಿ ಮೂರು ಜೊತೆ ಇದ್ದವು. ಒಂದು ನೀರಿಗೆ, ಒಂದು ಆಮೇಲೆ, ಇನ್ನೊಂದು ಫೋಟೋಗೆ.

ಹೊರಡುವ ಹೊತ್ತಿಗೆ ಮಕ್ಕಳ ಬ್ಯಾಗಿನ ಜಿಪ್ ಹಾಕಲು ಬರಲಿಲ್ಲ. ಬಿಸಿನೀರಿನ ಫ್ಲಾಸ್ಕ್ ಹೊರಗೇ ಉಳಿದಿತ್ತು. ಡ್ರೈವರಣ್ಣ ಗಾಡಿಯ ಮೇಲೆ ನಿಂತು ‘ಬ್ಯಾಗ್ ಕೊಡ್ರಮ್ಮಾ, ಹಗ್ಗ ಬಿಗೀಬೇಕು, ಹೊತ್ತಾಗ್ತೈತೆ’ ಎಂದು ಕೂಗುತ್ತಿದ್ದ. ನಾನು ಆಪಾಗೆ, ‘ಫ್ಲಾಸ್ಕ್ ಬಿಡು, ದಾರಿಯಲ್ಲಿ ಹೋಟೆಲಿನಲ್ಲಿ ಬಿಸಿನೀರು ಸಿಗುತ್ತೆ’ ಎಂದೆ. ‘ರಾತ್ರಿ ಮೂರು ಗಂಟೆಗೆ ತೀರ್ಥಹಳ್ಳಿ ಕಾಡಿನಲ್ಲಿ ಯಾವ ಹೋಟೆಲು?’ ಎಂದಳು. ‘ಹಾಗಾದರೆ ಏನಾದರೂ ಒಂದು ತೆಗಿ’ ಎಂದು ಹೇಳಿ ನಾನು ಚಪ್ಪಲಿ ಹುಡುಕಲು ಹೋದೆ. ವಾಪಸ್ಸು ಬರುವಷ್ಟರಲ್ಲಿ ಜಿಪ್ ಬಿದ್ದಿತ್ತು, ಫ್ಲಾಸ್ಕೂ ಒಳಗಿತ್ತು. ಏನು ತೆಗೆದೆ ಎಂದು ನಾನು ಕೇಳಲಿಲ್ಲ.

ಚಿತ್ರದುರ್ಗ, ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ. ಅಲ್ಲಿಯವರೆಗೆ ಮಕ್ಕಳು ಮಲಗಿದ್ದರು. ತೀರ್ಥಹಳ್ಳಿ ದಾಟಿದ ಮೇಲೆ ಗುಡಿಯಾ ಎದ್ದು ಅತ್ತಳು ನೋಡಿ, ಗಾಡಿಯಲ್ಲಿ ಇದ್ದವರೆಲ್ಲಾ ಎದ್ದರು. ಗಂಟೆ ಮೂರು ಹತ್ತು. ಎರಡೂ ಕಡೆ ಮರ ಬಿಟ್ಟರೆ ಏನೂ ಇಲ್ಲ, ಒಂದು ದೀಪವೂ ಇಲ್ಲ. ಆಪಾ ಮೊಬೈಲ್ ಬೆಳಕಿನಲ್ಲಿ ಫ್ಲಾಸ್ಕ್ ತೆಗೆದು, ಹಾಲು ಕಲಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಹಾಕಿ ಬಿಸಿ ನೋಡಿ ಕುಡಿಸಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನು ಎಲ್ಲಿ ನೋಡಬೇಕಿತ್ತೋ!

ಆಗುಂಬೆಯಲ್ಲಿ ಬೆಳಕು ಹರಿಯುವವರೆಗೆ ಗಾಡಿ ನಿಲ್ಲಿಸಿದರು. ಅಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಹೆಚ್ಚು ಮಳೆ ಆಗುತ್ತದೆ ಎಂದು ನಾವು ಪುಸ್ತಕದಲ್ಲಿ ಓದಿದ್ದೇವೆ, ಆದರೆ ಅಕ್ಟೋಬರಿನ ಮಂಜಿನ ಚಳಿ ಹೇಗಿರುತ್ತದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಬೆಡ್‌ಶೀಟು ಒದ್ದೆ ಕಾಗದದ ಹಾಗೆ ತಣ್ಣಗಾಗಿತ್ತು. ದಾದಿ ಏನೂ ಮಾತಾಡದೆ ಕಂಬಳಿ ಬಿಡಿಸಿ ಎರಡೂ ಮಕ್ಕಳನ್ನು ಅದರೊಳಗೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ನಾನೂ ಕಾಲು ಒಳಗೆ ತೂರಿಸಿದೆ.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಐದನೆಯದರಲ್ಲಿ ಮುನ್ನಾನ ಮಂಡಕ್ಕಿ ಆಚೆ ಬಂತು. ಕವರು ಬಿಡಿಸುವಷ್ಟರಲ್ಲಿ ಎಲ್ಲವೂ ಆಪಾನ ಮಡಿಲಿನಲ್ಲಿ. ಏಳನೆಯದರಲ್ಲಿ ಇನ್ನೊಂದು ಸಲ. ಸೋಮೇಶ್ವರದಲ್ಲಿ ನಲ್ಲಿ ಕಂಡು ಇಳಿದೆವು. ಮುನ್ನಾಗೆ ಬಟ್ಟೆ ಬದಲಾಯಿಸಿದಳು, ಒಂದು ಜೊತೆ ಖರ್ಚು. ತನ್ನ ಕಮೀಜು, ದುಪಟ್ಟ ಮಾತ್ರ ನಲ್ಲಿಯ ಕೆಳಗೆ ಹಿಡಿದು ತೊಳೆದು, ಹಿಂಡಿ, ಹಾಗೇ ಒದ್ದೆಯಲ್ಲೇ ಬುರ್ಖಾ ಹಾಕಿಕೊಂಡು ಬಂದು ಕೂತಳು. ಬೀಚಿನಲ್ಲಿ ಬದಲಾಯಿಸುತ್ತಾಳೆ ಅಂದುಕೊಂಡೆ.

ಎಂಟು ಗಂಟೆಗೆ ಮಲ್ಪೆ. ಬಂದರು ದಾಟುವಾಗಲೇ ಮೀನಿನ ವಾಸನೆ, ಆಮೇಲೆ ಒಮ್ಮೆಲೇ ಸಮುದ್ರ. ಅದರ ಬಗ್ಗೆ ನಾನು ಬರೆದರೆ ನೋಡಿದವರಿಗೆ ಕಡಿಮೆ ಅನಿಸುತ್ತದೆ, ನೋಡದವರಿಗೆ ಹೆಚ್ಚು ಅನಿಸುತ್ತದೆ. ಮುನ್ನಾ ಏನು ಮಾಡಿದ ಎಂದು ಮಾತ್ರ ಹೇಳುತ್ತೇನೆ. ಮೂರು ತಿಂಗಳು ಸಮಂದರ್ ಸಮಂದರ್ ಎಂದವನು ಮೊದಲನೇ ಅಲೆಯ ಸದ್ದಿಗೇ ಚೀರಿ ದೂಲಾಭಾಯಿಯ ಕುತ್ತಿಗೆ ಹತ್ತಿ ಕೂತ. ‘ಘರ್ ಚಲೋ, ಘರ್ ಚಲೋ!’ ಕೊನೆಗೆ ಅವನಿಗೆ ಹಿಡಿಸಿದ್ದು ಕಾಲು ತೊಳೆಯುವ ನಲ್ಲಿ. ರಾಗಿ ಸರಿಯ ಚಮಚ ಮತ್ತು ಟಿಫನ್ ಡಬ್ಬಿಯ ಮುಚ್ಚಳ ಇಟ್ಟುಕೊಂಡು ಮರಳಿನಲ್ಲಿ ಮಧ್ಯಾಹ್ನದವರೆಗೆ ಆಡಿದ. ಆಟದ ಸಾಮಾನು ಕೊಳ್ಳದೇ ಇದ್ದದ್ದೇ ಲಾಭ. ಗುಡಿಯಾ ಅದಕ್ಕೆ ಉಲ್ಟಾ. ಕೈ ಬಿಟ್ಟರೆ ನೇರ ಅರಬ್ಬೀ ಸಮುದ್ರಕ್ಕೇ. ಅಷ್ಟು ಚಿಕ್ಕ ಮಗು ಮೊಣಕಾಲುದ್ದದ ನೀರಿನಲ್ಲೂ ಬಿದ್ದರೆ ಏಳಲಾರದು, ಕೂಗಲೂ ಆಗುವುದಿಲ್ಲ. ಒಬ್ಬರ ಕೈ ಅವಳ ರಟ್ಟೆಯ ಮೇಲೆ ಇರಲೇಬೇಕು, ಮೊಬೈಲ್ ನೋಡುತ್ತಾ ಕಾಯುವುದು ನಡೆಯುವುದಿಲ್ಲ. ಆ ಕೆಲಸ ನನ್ನದಾಯಿತು.

ಮಕ್ಕಳನ್ನು ಕರೆದೊಯ್ಯುವವರಿಗೆ ಎರಡು ವಿಷಯ. ಸಾಮಾನ್ಯ ಡೈಪರ್ ಹಾಕಿಕೊಂಡು ಸಮುದ್ರಕ್ಕೆ ಇಳಿಸಬೇಡಿ. ಎರಡು ಅಲೆಗೆ ಅದು ನೀರು ಕುಡಿದು ನೆನೆದ ಹತ್ತಿ ಮೂಟೆಯ ಹಾಗೆ ಊದಿ, ಗುಡಿಯಾ ನಡೆಯಲಾರದೆ ಕುಕ್ಕರಿಸಿಬಿಟ್ಟಳು. ಬರೀ ಚಡ್ಡಿ ಸಾಕು. ಎರಡನೆಯದು, ಮೈಗೆ ಅಂಟಿದ ಮರಳನ್ನು ಟವೆಲಿನಿಂದ ಉಜ್ಜಿದರೆ ಚರ್ಮ ಕೆಂಪಾಗುತ್ತದೆ. ನೀರು ಆರಿದ ಮೇಲೆ ಸ್ವಲ್ಪ ಪೌಡರ್ ಸವರಿ ಒರೆಸಿದರೆ ಮರಳು ತಾನಾಗಿ ಉದುರುತ್ತದೆ. ಇದನ್ನು ಹೇಳಿಕೊಟ್ಟದ್ದು ಪಕ್ಕದಲ್ಲಿ ಕೂತಿದ್ದ ಉಡುಪಿಯ ಒಬ್ಬ ಅಜ್ಜಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಒರಟು, ಮಕ್ಕಳನ್ನು ಆಗ ತರಬೇಡಿ ಎಂದೂ ಹೇಳಿದರು.

ಅಮ್ಮಿ ಮೊಣಕಾಲವರೆಗೆ ಹೋಗಿ ಬಂದರು. ದಾದಿ ಒಂದು ಬೊಗಸೆ ನೀರು ಬಾಯಿಗೆ ಹಾಕಿ ‘ನಿಜವಾಗಲೂ ಉಪ್ಪೇ!’ ಎಂದು ಅಬ್ಬಾಗೆ ವರದಿ ಒಪ್ಪಿಸಿದರು. ಆಪಾನ ಅತ್ತೆ ಕೂಡ ಅಲೆಗೆ ಬೆನ್ನು ಕೊಟ್ಟು ಕೂತು ನಗುತ್ತಿದ್ದರು. ಆಪಾ ಮಾತ್ರ ಕಂಬಳಿಯ ಅಂಚಿನಲ್ಲಿ ಎಲ್ಲರ ಚಪ್ಪಲಿ ಕಾಯುತ್ತಾ ನಿಂತಿದ್ದಳು. ಒಂದು ಕೈಯಲ್ಲಿ ಫ್ಲಾಸ್ಕು.

‘ಬಾ ಆಪಾ’ ಎಂದು ಮೂರು ಸಲ ಕರೆದೆ. ‘ನಕ್ಕೋ, ನೀವು ಆಡಿ’ ಎಂದಳು. ನಾಲ್ಕನೇ ಸಲ ಹತ್ತಿರ ಹೋಗಿ ಕೈ ಎಳೆದೆ. ಆಗ ಮೆಲ್ಲಗೆ ಹೇಳಿದಳು: ‘ಬಟ್ಟೆ ಇಲ್ಲ ಕಣೇ. ಹಸಿರು ಜೊತೆ ಇಟ್ಟಿದ್ದೆ. ಫ್ಲಾಸ್ಕ್ ಹಿಡಿಸಲಿಲ್ಲವಲ್ಲ, ತೆಗೆದಿಟ್ಟು ಬಂದೆ.’

ನಾವು ಹಾಕಿಕೊಂಡ ಬಟ್ಟೆಯಲ್ಲೇ ನೀರಿಗೆ ಇಳಿಯುವವರು. ಇನ್ನೊಂದು ಜೊತೆ ಇಲ್ಲದಿದ್ದರೆ ಒದ್ದೆಯಲ್ಲೇ 300 ಕಿ.ಮೀ. ಕೂತು ವಾಪಸ್ಸು ಬರಬೇಕು, ಮಡಿಲಲ್ಲಿ ಎರಡು ಮಕ್ಕಳನ್ನು ಇಟ್ಟುಕೊಂಡು. ನಾನು ಜೇಬಿನಿಂದ ಪಟ್ಟಿ ತೆಗೆದು ನೋಡಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ. ‘ಆಪಾ, ಮುನ್ನಾ, ಗುಡಿಯಾ’ ಎಂದು ಮೇಲೆ ಬರೆದಿದ್ದೆ. ಕೆಳಗೆ ಮುನ್ನಾನದು ಐದು, ಗುಡಿಯಾಳದು ಆರು, ಡೈಪರ್, ಬ್ರಷ್, ಟೋಪಿ. ಆಪಾನದು ಒಂದೂ ಇರಲಿಲ್ಲ. ದಾದಿಯ ಹಲ್ಲಿನ ಡಬ್ಬಿಯನ್ನೂ ಬರೆದಿದ್ದೆ. ಬರೆಯುವಾಗ ಅವಳೇ ಎದುರು ಕೂತಿದ್ದಳು, ಓದುವಾಗಲೂ ಕೂತಿದ್ದಳು.

ಕಾಮರ್ಸ್‌ನವರಿಗೆ ಇದು ಗೊತ್ತಿರುತ್ತದೆ. ಒಂದು ವ್ಯವಹಾರವನ್ನು ಖರ್ಚು, ಜಮಾ ಎರಡು ಕಡೆಯೂ ಬರೆಯದೇ ಬಿಟ್ಟರೆ ತಾಳೆಪಟ್ಟಿಯಲ್ಲಿ ಅದು ಸಿಕ್ಕಿಬೀಳುವುದಿಲ್ಲ, ಮೊತ್ತ ಸರಿಯಾಗಿಯೇ ಬರುತ್ತದೆ. ನಾನು ಓದುತ್ತಿರುವ ಲೆಕ್ಕಶಾಸ್ತ್ರದ ಪುಸ್ತಕ ಆಪಾನದೇ. ಈ ಪಾಠದ ಪಕ್ಕದಲ್ಲಿ ಅವಳು ಪೆನ್ಸಿಲಿನಲ್ಲಿ ‘ಪರೀಕ್ಷೆಗೆ ಬರುತ್ತೆ’ ಎಂದು ಬರೆದು ಎರಡು ಗೆರೆ ಎಳೆದಿದ್ದಾಳೆ. ಬಿ.ಕಾಂ. ಎರಡನೇ ವರ್ಷದಲ್ಲಿ ಮದುವೆಯಾಯಿತು, ಅಲ್ಲಿಗೆ ನಿಂತಿತು. ಈಗ ಅವಳಿಗೆ ಇಪ್ಪತ್ತನಾಲ್ಕು.

‘ನನ್ನ ಹತ್ತಿರ ಮೂರು ಜೊತೆ ಇದೆ, ಒಂದು ಹಾಕಿಕೋ’ ಎಂದು ಬ್ಯಾಗು ಬಿಚ್ಚಿದೆ. ಫೋಟೋದ ಕುರ್ತಿಯನ್ನೇ ಅವಳ ಮೈಗೆ ಹಿಡಿದು ನೋಡಿದೆ. ಎರಡು ಹೆರಿಗೆ ಆದ ಮೇಲೆ ಅದು ಅವಳ ಭುಜಕ್ಕೇ ಬರುವ ಹಾಗಿರಲಿಲ್ಲ. ಇಬ್ಬರಿಗೂ ನಗು ಬಂತು, ನನಗೆ ಸ್ವಲ್ಪ ಅಳುವೂ ಬಂತು. ಅಷ್ಟರಲ್ಲಿ ಅವಳ ಅತ್ತೆ ನೀರಿನಿಂದ ಎದ್ದು ಬಂದರು, ವಿಷಯ ಏನು ಎಂದು ಕೇಳಿದರು. ನನಗೆ ಹೆದರಿಕೆ, ಆಪಾನ ಅತ್ತೆ ಮಾತು ಕಡಿಮೆ, ಮುಖ ಬಿಗಿ. ಅವರು ಫ್ಲಾಸ್ಕ್ ತೆಗೆದುಕೊಂಡು ಕೆಳಗಿಟ್ಟರು. ‘ನನ್ನ ನೈಟಿ ಇದೆ, ದೊಗಳೆ ಇದೆ. ಆಮೇಲೆ ಅದನ್ನು ಹಾಕಿಕೋ, ಮೇಲೆ ಬುರ್ಖಾ ಇರುತ್ತೆ, ಯಾರಿಗೆ ಗೊತ್ತಾಗುತ್ತೆ? ಹೋಗು ಬೇಟಿ, ಬಚ್ಚ್ಯಾಂನ ನಾನು ನೋಡ್ತೀನಿ’ ಎಂದು ಗುಡಿಯಾಳನ್ನು ನನ್ನ ಕೈಯಿಂದ ಎತ್ತಿಕೊಂಡು ಕಂಬಳಿಯ ಮೇಲೆ ಗಟ್ಟಿಯಾಗಿ ಕೂತರು.

ನಾವಿಬ್ಬರೂ ಕೈ ಹಿಡಿದುಕೊಂಡು ಸೊಂಟದವರೆಗೆ ಹೋದೆವು. ಲೈಫ್‌ಗಾರ್ಡ್ ಸೀಟಿ ಊದಿ ಅಷ್ಟೇ ಸಾಕು ಎಂದ. ಆಪಾ ಮೊದಮೊದಲು ಪ್ರತಿ ಅಲೆಗೂ ಹಿಂದೆ ತಿರುಗಿ ದಡ ನೋಡುತ್ತಿದ್ದಳು, ಎರಡು ತಲೆ ಇವೆಯೋ ಎಂದು. ಹತ್ತು ಅಲೆ ಆದ ಮೇಲೆ ಐದಕ್ಕೊಂದು ಸಲ. ಆಮೇಲೆ ತಿರುಗುವುದನ್ನೇ ನಿಲ್ಲಿಸಿದಳು. ಒಂದು ದೊಡ್ಡ ಅಲೆ ಬಂದು ಇಬ್ಬರನ್ನೂ ಮುಳುಗಿಸಿ ಬಿಟ್ಟಿತು. ಎದ್ದಾಗ ಅವಳ ಮೂಗು, ಬಾಯಿ ಎಲ್ಲಾ ಉಪ್ಪು. ಅವಳು ಜೋರಾಗಿ ನಕ್ಕಳು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿತ್ತಿಲಲ್ಲಿ ಅವಳು ಹಾಗೆ ನಗುತ್ತಿದ್ದಳು, ಅಮ್ಮಿ ಒಳಗಿನಿಂದ ಬೈಯುತ್ತಿದ್ದರು. ಎಷ್ಟು ಹೊತ್ತು ಇದ್ದೆವೋ ನೋಡಲಿಲ್ಲ. ಬಿಸಿಲು ಏರಿದ ಮೇಲೆ ದೂಲಾಭಾಯಿ ಕೈ ಬೀಸಿದರು.

ದುಡ್ಡು ಕೊಟ್ಟು ಸ್ನಾನ ಮಾಡುವ ಕೋಣೆಯಿಂದ ಆಪಾ ಅತ್ತೆಯ ನೈಟಿಯಲ್ಲಿ ಹೊರಗೆ ಬಂದಳು. ಹಳದಿ ಬಣ್ಣ, ದೊಡ್ಡ ದೊಡ್ಡ ಹೂವು. ತಮ್ಮ ಫೋಟೋ ತೆಗೆಯಲು ಹೋಗಿ ಏಟು ತಿಂದ. ವಾಪಸ್ಸು ಬರುವಾಗ ಶಿವಮೊಗ್ಗದವರೆಗೂ ಅವಳು ಕಿಟಕಿಗೆ ತಲೆ ಆನಿಸಿ ಮಲಗಿದ್ದಳು. ಗುಡಿಯಾ ನನ್ನ ಮಡಿಲಲ್ಲಿ. ಘಾಟಿಯಲ್ಲಿ ಅವಳ ಪಾಳಿ ಬಂತು, ಈ ಸಲ ನನ್ನ ಮೇಲೆ. ಫೋಟೋದ ಕುರ್ತಿ ಅದಕ್ಕೆ ಆಯಿತು.

ಮನೆಗೆ ಬಂದಾಗ ಹಸಿರು ಜೊತೆ ಟ್ರಂಕಿನ ಮೇಲೆ ಹಾಗೇ ಇತ್ತು, ಇಸ್ತ್ರಿ ಮಾಡಿ ಮಡಿಸಿದ್ದು. ಮಾರನೇ ದಿನ ಅದನ್ನೇ ಹಾಕಿಕೊಂಡು ಆಪಾ ಮಕ್ಕಳ ಜೊತೆ ಮೊಳಕಾಲ್ಮೂರು ಬಸ್ಸು ಹತ್ತಿದಳು. ಸಂಜೆ ಫೋನು: ಥರ್ಮಾಮೀಟರ್ ನಮ್ಮ ಮನೆಯಲ್ಲೇ ಉಳಿದಿದೆಯಂತೆ, ಬಸ್ಸಿನವರ ಕೈಯಲ್ಲಿ ಕಳಿಸು ಎಂದಳು. ಹುಡುಕಿದೆ. ಫ್ಲಾಸ್ಕಿನ ಮುಚ್ಚಳದಲ್ಲಿ ಸಿಕ್ಕಿತು, ಜೊತೆಗೆ ಒಂದು ಹಿಡಿ ಮರಳು. ಥರ್ಮಾಮೀಟರನ್ನು ಕಾಗದದಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಕೊಟ್ಟು ಬಂದೆ.